ಕ್ಯಾಂಪಸ್‌ನಲ್ಲಿ ವಾಕ್ ಸ್ವಾತಂತ್ರ್ಯದ ಕೆಲಸ: ವಿದ್ಯಾರ್ಥಿ ಎಲ್ಲಿಂದ ಶುರು ಮಾಡಬಹುದು?

ಎರಡನೇ_ಸೆಮಿಸ್ಟರ್:
ಅಮೆರಿಕದ ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದೇನೆ. ಇಲ್ಲಿ ಕರಪತ್ರ ಹಂಚಬೇಕಾದರೂ ಮೊದಲೇ ಅನುಮತಿ ಬೇಕು, ಅದೂ ಗೊತ್ತುಮಾಡಿದ ಒಂದು ಮೂಲೆಯಲ್ಲಿ ಮಾತ್ರ. ಕ್ಲಾಸಿನಲ್ಲೂ ಮನಸ್ಸಿಗೆ ಬಂದದ್ದು ಹೇಳಲು ಎಲ್ಲರೂ ಹಿಂದೆಮುಂದೆ ನೋಡುತ್ತಾರೆ. ಏನಾದರೂ ಮಾಡಬೇಕು ಅನ್ನಿಸುತ್ತಿದೆ, ಸುಮ್ನೆ ಪೋಸ್ಟರ್ ಹಿಡಿದು ನಿಲ್ಲುವುದಲ್ಲ. ಇಂಟರ್ನ್‌ಶಿಪ್, ಕ್ಲಬ್ ಏನೇನಿದೆ? ನನ್ನದು ಎಫ್-1 (ವಿದೇಶಿ ವಿದ್ಯಾರ್ಥಿಗಳ) ವೀಸಾ, ಅದೊಂದು ತಲೆಬಿಸಿ ಬೇರೆ.

ಕಾನೂನು_ಹುಚ್ಚ:
ಸ್ಟೇಟ್ ಯೂನಿವರ್ಸಿಟಿ ಅಲ್ವಾ, ಒಳ್ಳೆಯದೇ ಆಯ್ತು. ವಾಕ್ ಸ್ವಾತಂತ್ರ್ಯ ಕಾಪಾಡುವ, ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು, ಹಾಗಾಗಿ ಸರ್ಕಾರಿ ಕಾಲೇಜಿಗೆ ಅದು ನೇರವಾಗಿ ಅನ್ವಯಿಸುತ್ತದೆ. ಖಾಸಗಿ ಆಗಿದ್ದರೆ ಅವರೇ ಕೈಪಿಡಿಯಲ್ಲಿ ಕೊಟ್ಟ ಮಾತು ಹಿಡಿದು ಕೇಳಬೇಕಿತ್ತು. (ಕ್ಯಾಲಿಫೋರ್ನಿಯಾದಲ್ಲಿ 1992ರ ಲಿಯೊನಾರ್ಡ್ ಕಾಯ್ದೆಯಿಂದ ಇದೇ ರಕ್ಷಣೆ ಖಾಸಗಿ ಕಾಲೇಜುಗಳಿಗೂ ಬರುತ್ತದೆ, ಕೆಲವು ಧಾರ್ಮಿಕ ಕಾಲೇಜುಗಳನ್ನು ಬಿಟ್ಟು.)

ಆ ಮೂಲೆಯ ವಿಷಯಕ್ಕೆ ಬಂದರೆ, ಜಾರ್ಜಿಯಾ ಗ್ವಿನೆಟ್ ಕಾಲೇಜಿನ ಕೇಸ್ ಓದಿ. ಚೀಕೆ ಉಜುಗ್ಬುನಮ್ ಅನ್ನುವ ವಿದ್ಯಾರ್ಥಿ ಧರ್ಮದ ಕರಪತ್ರ ಹಂಚುತ್ತಿದ್ದಾಗ ತಡೆದರು, ಆಮೇಲೆ ಅನುಮತಿ ತೆಗೆದುಕೊಂಡು ಅವರೇ ತೋರಿಸಿದ ಜಾಗದಲ್ಲಿ ನಿಂತು ಮಾತಾಡಿದಾಗಲೂ ತಡೆದರು. ಅವನು ಕೇಸ್ ಹಾಕಿದ ಮೇಲೆ ಕಾಲೇಜು ನಿಯಮ ಬದಲಾಯಿಸಿ, ಇನ್ನು ಕೇಸ್ ಯಾಕೆ ಎಂದಿತು. ಹೆಸರಿಗಷ್ಟೇ ಪರಿಹಾರ ಕೇಳಿದ್ದರೂ ಕೇಸ್ ಉಳಿಯುತ್ತದೆ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ 8-1ರಲ್ಲಿ ಹೇಳಿತು.

ಮೊದಲ ಕೆಲಸ, ನಿಮ್ಮ ಯೂನಿವರ್ಸಿಟಿ ಕೈಪಿಡಿ ಪೂರ್ತಿ ಓದುವುದು. ಬೋರ್ ಹೊಡೆಯುತ್ತದೆ, ಆದರೆ ಯಾರೂ ಓದುವುದಿಲ್ಲ ಅನ್ನುವ ಕಾರಣಕ್ಕೇ ಇಂಥ ನಿಯಮಗಳು ಉಳಿದುಕೊಂಡಿರುವುದು. ವಾಕ್ ಸ್ವಾತಂತ್ರ್ಯಕ್ಕಾಗಿ ಕೆಲಸ ಮಾಡುವ, 1999ರಿಂದ ಇರುವ ಫೈರ್ ಅನ್ನುವ ಸಂಸ್ಥೆ ಕಾಲೇಜುಗಳ ನಿಯಮ ನೋಡಿ ಕೆಂಪು, ಹಳದಿ, ಹಸಿರು ದೀಪ ಅಂತ ಗುರುತು ಹಾಕುತ್ತದೆ. ಅವರಲ್ಲಿ ವಿದ್ಯಾರ್ಥಿಗಳ ಜಾಲವೂ ಇದೆ, ಬೇಸಿಗೆ ಇಂಟರ್ನ್‌ಶಿಪ್ಪೂ ಇದೆ.

ಸುದ್ದಿಮನೆ:
ಕಾನೂನಷ್ಟೇ ಅಲ್ಲ. ವಿದ್ಯಾರ್ಥಿ ಪತ್ರಿಕೆಗೆ ಸೇರಿ, ಒಂದು ಸುದ್ದಿಗೆ ಆಡಳಿತದವರು ಹೇಗೆ ಮುಖ ಗಂಟಿಕ್ಕುತ್ತಾರೆ ಅಂತ ನೋಡಿದರೆ ಪುಸ್ತಕ ಓದಿದ್ದಕ್ಕಿಂತ ಜಾಸ್ತಿ ಅರ್ಥವಾಗುತ್ತದೆ. ತೊಂದರೆ ಆದರೆ 1974ರಲ್ಲಿ ಶುರುವಾದ ಸ್ಟೂಡೆಂಟ್ ಪ್ರೆಸ್ ಲಾ ಸೆಂಟರ್ ಪುಕ್ಕಟೆ ಕಾನೂನು ಸಲಹೆ ಕೊಡುತ್ತದೆ. ಕ್ಲಾಸಿನಲ್ಲಿ ಬಾಯಿಬಿಡದವರಿಗೆ ಬ್ರಿಜ್ ಯುಎಸ್ಎ ಥರದ ಚರ್ಚಾ ಕೂಟ ಸರಿ, ನಿಮ್ಮಲ್ಲಿ ಇಲ್ಲದಿದ್ದರೆ ನೀವೇ ಶುರು ಮಾಡಿ.

ಒಂದೇ ವಿನಂತಿ. ಗಲಾಟೆ ಎಬ್ಬಿಸಲಿಕ್ಕೆ ಅಂತಲೇ ಯಾರನ್ನೋ ಭಾಷಣಕ್ಕೆ ಕರೆಸುವ ಗುಂಪುಗಳಿವೆ. ಅವರಿಗೆ ಮಾತಾಡುವ ಹಕ್ಕು ಖಂಡಿತ ಇದೆ, ಆದರೆ ಅದರಲ್ಲಿ ನೀವು ಕಲಿಯುವುದು ಕುರ್ಚಿ ಜೋಡಿಸುವುದನ್ನು ಮಾತ್ರ. ಒಂದು ಗುಂಪಿಗೆ ಸೇರುವ ಮುಂಚೆ, "ನಿಮಗೆ ಇಷ್ಟವಿಲ್ಲದವರ ಬಾಯಿ ಮುಚ್ಚಿಸಿದಾಗ ನೀವು ಏನು ಮಾಡಿದ್ರಿ?" ಅಂತ ಅವರನ್ನು ಕೇಳಿ.

ಹಳೇ_ಎಫ್1:
ಇಬ್ಬರೂ ವೀಸಾ ಬಗ್ಗೆ ಮಾತೇ ಆಡಲಿಲ್ಲ! ಹೊರಗಿನ ಸಂಸ್ಥೆಯಲ್ಲಿ ಸಂಬಳದ ಇಂಟರ್ನ್‌ಶಿಪ್ ಅಂದರೆ ಸಿಪಿಟಿ (ಓದುವಾಗಲೇ ಕೋರ್ಸಿನ ಭಾಗವಾಗಿ ಮಾಡುವ ಕೆಲಸಕ್ಕೆ ಅನುಮತಿ) ಅಥವಾ ಒಪಿಟಿ (ಓದಿಗೆ ಸಂಬಂಧಪಟ್ಟ ಕೆಲಸಕ್ಕೆ, ಹೆಚ್ಚಾಗಿ ಓದು ಮುಗಿದ ಮೇಲೆ ಬಳಸುವ ಅನುಮತಿ) ಬೇಕು, ಸಿಪಿಟಿಗೆ ಆ ಕೆಲಸ ನಿಮ್ಮ ಓದಿಗೆ ಸಂಬಂಧಪಟ್ಟಿರಬೇಕು. ಆಫರ್ ಒಪ್ಪುವ ಮುಂಚೆ ಡಿಎಸ್ಒ (ವಿದೇಶಿ ವಿದ್ಯಾರ್ಥಿಗಳ ವೀಸಾ ವಿಷಯ ನೋಡಿಕೊಳ್ಳುವ ಕಾಲೇಜಿನ ಅಧಿಕಾರಿ) ಹತ್ತಿರ ಕೇಳಿ. ಜೊತೆಗೆ 2025ರಲ್ಲಿ ಪ್ಯಾಲೆಸ್ಟೈನ್ ಪರ ಮಾತಾಡಿದ ಕೆಲವು ವಿದೇಶಿ ವಿದ್ಯಾರ್ಥಿಗಳ ವೀಸಾ ರದ್ದಾಯಿತು. ಹಕ್ಕು ಕಾಗದದಲ್ಲಿದೆ, ಕೇಸ್ ಗೆಲ್ಲುವವರೆಗೆ ಒದ್ದಾಡುವವರು ನೀವು. ನಿಯಮ ಓದುವುದು, ತಿದ್ದುಪಡಿ ಬರೆಯುವುದು, ಚರ್ಚೆ ನಡೆಸುವುದು ಇವುಗಳಿಂದ ಶುರು ಮಾಡಿ.

ಎರಡನೇ_ಸೆಮಿಸ್ಟರ್:
ಕೈಪಿಡಿ ತೆಗೆದೆ. ಕರಪತ್ರದ ನಿಯಮ ಎರಡೇ ಸಾಲು, ಅರ್ಜಿ ತಿರಸ್ಕರಿಸಲು ಕಾರಣ ಕೊಡಬೇಕು ಅಂತಲೂ ಇಲ್ಲ. ಇದನ್ನು ವಿದ್ಯಾರ್ಥಿಗಳೇ ಆರಿಸಿದ ಸ್ಟೂಡೆಂಟ್ ಸೆನೆಟ್‌ಗೆ ತೆಗೆದುಕೊಂಡು ಹೋಗಲೋ, ನೇರವಾಗಿ ಡೀನ್‌ಗೆ ಬರೆಯಲೋ?

ಕಾನೂನು_ಹುಚ್ಚ:
ಸೆನೆಟ್. ನಿರ್ಣಯ ಪಾಸಾದರೆ ಅದನ್ನೇ ಲಗತ್ತಿಸಿ ಡೀನ್‌ಗೆ ಬರೆಯಿರಿ.