ಕಮಾನಿಗೆ ಜಿಪ್ಸಮ್ ಬೋರ್ಡ್ ಬಗ್ಗಿಸಿದವರು ಇದ್ದೀರಾ? ಸ್ವಲ್ಪ ಹೇಳಿ

ಕೇಳಿದವರು, ಕಲಬುರಗಿ

ಹಾಲ್‌ಗೂ ಅಡುಗೆಮನೆಗೂ ನಡುವೆ 42 ಇಂಚು ಅಗಲದ ಬಾಗಿಲಿತ್ತು. ಚೌಕಟ್ಟು ತೆಗೆಸಿ, ನಾನು ಮತ್ತು ನಮ್ಮ ಯಜಮಾನರು ಸೇರಿ ಅರ್ಧ ವೃತ್ತದ ಕಮಾನು ಮಾಡುತ್ತಿದ್ದೇವೆ. ಪ್ಲೈವುಡ್ ಫ್ರೇಮ್ ಆಗಿದೆ. ಎರಡೂ ಕಡೆಯ ಮುಖಕ್ಕೆ ಜಿಪ್ಸಮ್ ಬೋರ್ಡ್ (ಎರಡು ಕಾಗದಗಳ ನಡುವೆ ಜಿಪ್ಸಮ್ ಇರುವ ಹಲಗೆ) ಹೊಡೆದದ್ದೂ ಆಯಿತು. ತಲೆ ಮೇಲೆ ಬರುವ 9 ಇಂಚಿನ ಪಟ್ಟಿ ಮಾತ್ರ ಬಗ್ಗುತ್ತಲೇ ಇಲ್ಲ. 12.5 ಮಿ.ಮೀ. ಬೋರ್ಡ್, ಎರಡು ಪಟ್ಟಿ ಪಟಕ್ಕನೆ ಮುರಿದವು. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ತುಂಬಿಬಿಡಿ ಅಂತ ಮಿಸ್ತ್ರಿ ಹೇಳುತ್ತಾರೆ. ನನಗೆ ಬೋರ್ಡಿನಲ್ಲೇ ಮಾಡುವ ಆಸೆ.

ಬೀದರ್‌ನಿಂದ

ಅಕ್ಕಾ, 12.5ರ ಬೋರ್ಡ್ ಅಷ್ಟು ಚಿಕ್ಕ ಕಮಾನಿಗೆ ಹಾಗೇ ಬಗ್ಗುವುದಿಲ್ಲ. ಬೆನ್ನು ಕೊಯ್ಯಬೇಕು. ಅರ್ಧ ವೃತ್ತದ ಪಟ್ಟಿಯ ಉದ್ದಕ್ಕೆ 42ನ್ನು 1.57ರಿಂದ ಗುಣಿಸಿ, 66 ಇಂಚು ಬರುತ್ತದೆ. 6 ಅಡಿ ಉದ್ದದ ಬೋರ್ಡಿನಲ್ಲಿ ಜೋಡಣೆಯೇ ಇಲ್ಲದೆ ಒಂದೇ ಪಟ್ಟಿ ಆಗುತ್ತದೆ. 67 ಇಂಚು ಕತ್ತರಿಸಿಕೊಳ್ಳಿ, ಹೆಚ್ಚಾದದ್ದನ್ನು ಕೊನೆಗೆ ತೆಗೆಯಬಹುದು.

ಈಗ ಹಿಂಬದಿಗೆ ಇಂಚಿಗೊಂದು ಅಡ್ಡಗೆರೆ ಹಾಕಿ, ಕಟರ್‌ನಿಂದ ಕಾಗದ ಮತ್ತು ಸ್ವಲ್ಪ ಜಿಪ್ಸಮ್ ಕೊಯ್ಯಿರಿ. ಪ್ರತಿ ಗೆರೆಯನ್ನೂ ಮೇಜಿನ ಅಂಚಿಗೆ ಇಟ್ಟು ಮೆಲ್ಲಗೆ ಒತ್ತಿ. ಒಳಗೆ ಟಕ್ ಅನ್ನಬೇಕು. ಮುಂಬದಿಯ ಕಾಗದಕ್ಕೆ ಬ್ಲೇಡ್ ತಾಗಲೇಬಾರದು, ಇಡೀ ಪಟ್ಟಿಯನ್ನು ಹಿಡಿದಿರುವುದು ಅದೇ. ಆಮೇಲೆ ಅದು ಚಾಪೆಯ ಹಾಗೆ ಬಾಗುತ್ತದೆ. ಒಂದು ತುದಿಯಿಂದ ಶುರು ಮಾಡಿ, ಒತ್ತುತ್ತಾ ಒತ್ತುತ್ತಾ ಸ್ಕ್ರೂ ಹಾಕಿ. ಎತ್ತಿ ಹಿಡಿಯಲು ಇನ್ನೊಬ್ಬರು ಬೇಕೇ ಬೇಕು. ಎರಡು ಪ್ಲೈವುಡ್ ನಡುವೆ ಅಡ್ಡಪಟ್ಟಿ ದೂರ ದೂರ ಇದ್ದರೆ ಬೋರ್ಡ್ ಅಲ್ಲಲ್ಲಿ ಚಪ್ಪಟೆ ಆಗುತ್ತದೆ. ನಾನು 5 ಇಂಚಿಗೊಂದು ಕೊಟ್ಟಿದ್ದೆ.

ಸೇಡಂನಿಂದ

ನಾವು ಕೊಯ್ಯಲಿಲ್ಲ, ನೆನೆಸಿದೆವು. ಆದರೆ ನಮ್ಮ ಕಮಾನು 5 ಅಡಿ ಅಗಲ, ಬಾಗು ಕಡಿಮೆ. 6 ಮಿ.ಮೀ. ಬೋರ್ಡ್ ತಂದು ಎರಡೂ ಬದಿಗೆ ನೀರು ಸಿಂಪಡಿಸಿ, ತುದಿಗಳನ್ನು ಎರಡು ಸ್ಟೂಲ್ ಮೇಲೆ ಇಟ್ಟು, ನಡುವೆ ಶಹಾಬಾದ್ ಕಲ್ಲಿನ ಸಣ್ಣ ತುಂಡು ಹೇರಿದೆವು. ತಾನೇ ಇಳಿಯಿತು. ನೀರು ಜಾಸ್ತಿ ಆದರೆ ಕಾಗದ ಕಿತ್ತು ಬರುತ್ತದೆ, ಹುಷಾರು. ಎರಡು ಪದರ ಹಾಕಿದರೆ ಗಟ್ಟಿ.

ನಾನು ತಪ್ಪಿದ್ದು ಪುಟ್ಟಿಯಲ್ಲಿ. ಒಳಗೆ ಇನ್ನೂ ಹಸಿ ಇತ್ತು, ಮರುದಿನವೇ ಬಳಿದೆ. ಜೋಡಣೆಗೆ ಅಂಟಿಸಿದ ಟೇಪ್ ಗುಳ್ಳೆ ಎದ್ದು ಎಲ್ಲ ಕೆರೆದು ಮತ್ತೆ ಮಾಡಬೇಕಾಯಿತು. ನಮ್ಮ ಮೇ ತಿಂಗಳ ಬಿಸಿಲಿಗೆ ಇನ್ನೊಂದು ತೊಂದರೆ, ಪುಟ್ಟಿ ಬೇಗ ಒಣಗಿ ಬಿರುಕು ಬಿಡುತ್ತದೆ. ಫ್ಯಾನ್ ಆರಿಸಿ, ತೆಳುವಾಗಿ ಮೂರು ಸಲ ಬಳಿಯಿರಿ. ಉಜ್ಜುವಾಗ ಮಾಸ್ಕ್ ಇರಲಿ.

ಕಲಬುರಗಿ, ಕೋಟೆ ಕಡೆಯಿಂದ

ಫ್ರೇಮ್ ಆಗಿಬಿಟ್ಟಿದೆ ಅಲ್ವಾ, ಇಲ್ಲದಿದ್ದರೆ ಚೂಪು ಕಮಾನು ಮಾಡಿ ಅನ್ನುತ್ತಿದ್ದೆ. ನಮ್ಮ ಕೋಟೆಯೊಳಗೆ 1367ರ ಜಾಮಿ ಮಸೀದಿಯಲ್ಲಿ ನೋಡಿ, ಕಮಾನುಗಳು ಅಗಲವಾಗಿ ಎದ್ದು ತುದಿಯಲ್ಲಿ ಚೂಪಾಗುತ್ತವೆ. ಅಂಥದ್ದರಲ್ಲಿ ಎರಡು ಪಟ್ಟಿ ತುದಿಯಲ್ಲಿ ಕೂಡುತ್ತವೆ, ಒಂದೊಂದಕ್ಕೂ ಬಾಗು ಕಡಿಮೆ. ಅಂಚಿಗೆ ಬಗ್ಗುವ ಪಿವಿಸಿ ಕಾರ್ನರ್ ಬೀಡ್ (ಮೂಲೆ ಕಾಯುವ ಪಟ್ಟಿ) ಹಾಕಿ. ಸಿಗದಿದ್ದರೆ ತಗಡಿನದಕ್ಕೆ ಒಂದು ಬದಿ ಇಂಚಿಗೊಮ್ಮೆ ಕತ್ತರಿಸಿದರೆ ಸಾಕು.

ಕೇಳಿದವರು

ಎಲ್ಲರಿಗೂ ಧನ್ಯವಾದ. ಬೀದರ್ ಅಣ್ಣ ಹೇಳಿದ ಹಾಗೆ ಕೊಯ್ದೆವು. ಮೊದಲ ಪಟ್ಟಿಯಲ್ಲಿ ಒಂದು ಕಡೆ ಮುಂಬದಿಯ ಕಾಗದ ಹರಿಯಿತು. ಎರಡನೆಯದು ಕೂತಿದೆ. ಅಡ್ಡಪಟ್ಟಿ ಇನ್ನೂ ನಾಲ್ಕು ಸೇರಿಸಬೇಕಾಯಿತು. ನಾಳೆ ಟೇಪ್.