ಹುಣಸೆಮರದ ಮೇಲೆ ಅಟ್ಟಣೆ: ಮರ ಕೆಡದಂತೆ ಕಟ್ಟಿಸೋದು ಹೇಗೆ?

ಪ್ರಶ್ನೆ (ಪಾಂಡವಪುರ ತಾಲ್ಲೂಕು): ಹೊಲದ ಬದುವಿನಲ್ಲಿ ಹಳೇ ಹುಣಸೆಮರ ಇದೆ, ಎದೆಮಟ್ಟದಲ್ಲಿ ಸುತ್ತಳತೆ 7 ಅಡಿ. ಮಕ್ಕಳಿಗೆ 8×8 ಅಡಿಯ ಅಟ್ಟಣೆ, ಮೇಲೆ ಹೆಂಚಿನ ಚಾವಣಿ ಮಾಡಿಸೋ ಆಸೆ. ಬಡಗಿ ಮೊಳೆ ಹೊಡೆಯೋಣ ಅಂತಾರೆ, ಮನೆಯಲ್ಲಿ ಹಗ್ಗದಲ್ಲಿ ಕಟ್ಟಿಸಿ ಅಂತಾರೆ. ಪಕ್ಕದಲ್ಲೇ ನಾಲ್ಕು ತೆಂಗಿನಮರ ಚೌಕಕ್ಕೆ ನಿಂತಿವೆ, ಅವುಗಳ ಮೇಲೇ ಆದೀತೆ? ತಿಳಿದವರು ಹೇಳಿ.

ತೋಟಗಾರಿಕೆ ಬಲ್ಲವರು, ಮದ್ದೂರು: ತೆಂಗಿನ ವಿಚಾರ ಬಿಟ್ಟುಬಿಡಿ ಸಾರ್. ಹುಣಸೆ, ಮಾವು, ಬೇವಿಗೆ ತೊಗಟೆಯಡಿ ಬೆಳೆಯೋ ಪದರ ಇದೆ, ಗಾಯವಾದರೆ ಅಂಚಿನಿಂದ ಹೊಸ ಕಟ್ಟಿಗೆ ಬೆಳೆದು ಮುಚ್ಚಿಕೊಳ್ಳುತ್ತೆ. ತೆಂಗಿಗೆ ಆ ಪದರವೇ ಇಲ್ಲ. ಕೊರೆದ ತೂತು ಕೊನೇತನಕ ತೂತೇ, ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬೇರೆ ಬರುತ್ತೆ.

ಹಗ್ಗವೂ ಬೇಡ. ಎಲೆ ಮಾಡಿದ ಆಹಾರ ಬೇರಿಗೆ ಇಳಿಯೋದು ತೊಗಟೆಯ ಒಳಮೈಯಲ್ಲಿ. ಕಾಂಡ ದಪ್ಪವಾದಂತೆ ನೈಲಾನ್ ಹಗ್ಗ, ತಂತಿ ಅಲ್ಲೇ ಬಿಗಿದು ಬೇರನ್ನು ಉಪವಾಸ ಕೆಡವುತ್ತವೆ. ನಾರಿನ ಹಗ್ಗ ತಾನೇ ಲಡ್ಡಾಗಿ ಹರಿಯೋದರಿಂದ ಮರಕ್ಕೆ ವಾಸಿ, ಮೇಲೆ ಕೂತ ಮಕ್ಕಳಿಗಲ್ಲ!

ಇನ್ನು ಮೊಳೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಸಾವಿರಾರು ಮರ ಸೀಳಿ ನೋಡಿ ತೋರಿಸಿದ್ದು ಇದು: ಮರ ಗಾಯವನ್ನು ವಾಸಿ ಮಾಡಲ್ಲ, ಸುತ್ತ ಗೋಡೆ ಕಟ್ಟಿ ಬೇರ್ಪಡಿಸುತ್ತೆ. ಮೇಲೆ ಕೆಳಗಿನ ಗೋಡೆ ಎಲ್ಲಕ್ಕಿಂತ ದುರ್ಬಲ, ಹಾಗಾಗಿ ಕೊಳೆ ನಾರಿನ ಗುಂಟ ಉದ್ದಕ್ಕೆ ಹರಿಯುತ್ತೆ. ಒಂದೇ ಸಾಲಲ್ಲಿ ಹತ್ತಿರ ಹತ್ತಿರ ಹತ್ತು ಮೊಳೆ ಹೊಡೆದರೆ ಹತ್ತೂ ಗಾಯ ಸೇರಿ ಒಂದೇ ಉದ್ದನೆಯ ಕೊಳೆಯಾಗುತ್ತೆ. ದಪ್ಪನೆಯ ಬೋಲ್ಟು, ಆದಷ್ಟು ಕಡಿಮೆ, ದೂರ ದೂರ. ಗಾಯಕ್ಕೆ ಟಾರು ಬಳಿದರೆ ಕೊಳೆ ನಿಲ್ಲಲ್ಲ, ದುಡ್ಡು ದಂಡ.

ಮರಗೆಲಸದವರು, ಶ್ರೀರಂಗಪಟ್ಟಣ: ಮೊದ್ಲು ಮರ ಟೊಳ್ಳಾ ಅಂತ ನೋಡ್ಕಳಿ ಅಣ್ಣ. ಹಳೇ ಹುಣಸೆ ಹೊರಗೆ ಗಟ್ಟಿ ಕಂಡ್ರೂ ಒಳಗೆ ಪೊಟರೆ ಇರೋದೇ ಜಾಸ್ತಿ. ಕೊಡತಿಯಲ್ಲಿ ಸುತ್ತ ಬಡೀರಿ, ಡಬಡಬ ಅಂದ್ರೆ ಬೋಲ್ಟು ಹಾಕಕ್ಕೆ ಹೋಗ್ಬೇಡಿ. ಬುಡದಲ್ಲಿ ಅಣಬೆ ಎದ್ದಿದ್ರೂ ಅಷ್ಟೇ.

ಗಟ್ಟಿ ಇದ್ರೆ ಲೇತ್ ಅಂಗಡಿಯಲ್ಲಿ 30 ಎಂಎಂ ಸರಳಿನ ನಾಲ್ಕು ಬೋಲ್ಟು ಮಾಡಿಸಿ, ತುಕ್ಕು ಹಿಡೀದ ಹಾಗೆ ಗ್ಯಾಲ್ವನೈಸ್ (ಸತುವಿನ ಲೇಪ) ಆಗಿರ್ಬೇಕು. 6 ಇಂಚು ಮರದೊಳಗೆ, ಆಚೆ ಸಂದು, ತೊಲೆ ಎರಡೂ ದಾಟಿ ನಟ್ಟು ಕೂರೋವಷ್ಟು. ನಡುವೆ 3 ಇಂಚು ಅಗಲದ ಕಾಲರ್ (ಸರಳಿನ ಸುತ್ತ ದಪ್ಪ ಬಳೆ) ಬೆಸೆದು, ಅದು ತೊಗಟೆ ದಾಟಿ 1 ಇಂಚು ಕಟ್ಟಿಗೆಯೊಳಗೆ ಕೂರ್ಬೇಕು. ಭಾರ ಹೊರೋದು ಆ ಕಾಲರ್ರು. ಅದಿಲ್ದೆ ಬರೀ ಸರಳು ಹಾಕಿದ್ರೆ ಕಟ್ಟಿಗೆ ಜಜ್ಜಿ ಸರಳು ಕೆಳಕ್ಕೆ ವಾಲುತ್ತೆ.

ಎರಡು ತೊಲೆ, ಕಾಂಡದ ಆಚೆ ಈಚೆ, 8 ಅಡಿ ಉದ್ದ, 8×3 ಇಂಚು. ಒಂದೊಂದಕ್ಕೆ ಒಂದು ಬೋಲ್ಟು. ತೊಲೆಯ ಎರಡೂ ತುದಿಯಿಂದ ಓರೆಗಂಬ ಇಳಿಸಿ, 3 ಅಡಿ ಕೆಳಗಿನ ಬೋಲ್ಟಿಗೆ ಕೂರ್ಸಿ. ಆ ಕೆಳಗಿನ ಬೋಲ್ಟು ಮೇಲಿನದರ ನೇರಕ್ಕೆ ಬೇಡ, ಒಂದು ಗೇಣು ಪಕ್ಕಕ್ಕಿರ್ಲಿ. ತೊಲೆಗೂ ತೊಗಟೆಗೂ 3 ಇಂಚು ಸಂದು, ಹಲಗೆ ಹಾಸಿನಲ್ಲೂ ಕಾಂಡದ ಸುತ್ತ ಅಷ್ಟೇ. ಮೇಲೆ 5×2 ಜಂತೆ, 16 ಇಂಚಿಗೊಂದು. ಹಂಚಿನಮನೆ ಕೆಡವಿದ ಕಡೆ ಹಳೇ ಮತ್ತಿ, ಹೊನ್ನೆ ಸಿಕ್ಕಿದ್ರೆ ಬಿಡ್ಬೇಡಿ. ಸಿಲ್ವರ್ ಓಕ್ ಅಗ್ಗ, ಆದ್ರೆ ಮಳೇಲಿ ನೆಂದು ಗೆದ್ದಲಿಗೆ ಊಟ.

ಪ್ರಶ್ನೆ ಕೇಳಿದವರು: ಬೋಲ್ಟು ಹಾಕಿದ ಮೇಲೆ ಮರ ಬೆಳೆದರೆ ಅಟ್ಟಣೆಯೂ ಮೇಲೇರುತ್ತಾ?

ಮದ್ದೂರು: ಇಲ್ಲ ಸಾರ್. ಎತ್ತರಕ್ಕೆ ಬೆಳೆಯೋದು ಕೊಂಬೆಯ ತುದಿ ಮಾತ್ರ, ಕಾಂಡ ಅಗಲಕ್ಕಷ್ಟೇ. ನೆಲದಿಂದ 7 ಅಡಿ ಎತ್ತರಕ್ಕೆ ಹಾಕಿದ ಬೋಲ್ಟು 7 ಅಡಿಯಲ್ಲೇ ಇರುತ್ತೆ. ಅದಕ್ಕೇ ಆ 3 ಇಂಚು ಸಂದು. ಅದು ಒಂದು ಇಂಚಿಗೆ ಬಂದರೆ ಹಲಗೆ ಕೊಯ್ಯಿರಿ, ತೊಗಟೆಯನ್ನಲ್ಲ.

ಕಟ್ಟಡ ಎಂಜಿನಿಯರ್, ಮೈಸೂರು: ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಭಾರದ ಲೆಕ್ಕ ಹಾಕಿ: 64 ಚದರ ಅಡಿಗೆ ಜನರ ಭಾರ ಅಂತ ಅಡಿಗೆ 20 ಕೆಜಿಯಂತೆ 1,280 ಕೆಜಿ ಹಿಡಿಯಬೇಕು, ಮರಮುಟ್ಟಿನದು ಬೇರೆ. ಇದರ ಮೇಲೆ ಹೆಂಚು ಖಂಡಿತ ಬೇಡ, ತಗಡು ಸಾಕು. ನಾಲ್ಕೂ ಕಡೆ ಗೋಡೆ ಮುಚ್ಚಬೇಡಿ. ಏಪ್ರಿಲ್‌-ಮೇ ತಿಂಗಳ ಬಿರುಗಾಳಿ ಮಳೆಗೆ ಅದು ಹಡಗಿನ ಪಟದ ಹಾಗೆ ಗಾಳಿ ಹಿಡಿದು ಇಡೀ ಮರವನ್ನೇ ಜಗ್ಗುತ್ತೆ. ನಾಲೆ ನೀರು ಜಿನುಗೋ ಬದುವಾದರೆ ಮಣ್ಣು ಸಡಿಲ, ಬೇರೂ ಆಳಕ್ಕೆ ಇಳಿದಿರಲ್ಲ, ಇನ್ನೂ ಎಚ್ಚರ ಬೇಕು.

ಮರ ಟೊಳ್ಳು ಅನ್ನಿಸಿದರೆ, ಅಥವಾ ಅನುಮಾನ ಬಂದರೂ, ನಾಲ್ಕು ಕಲ್ಲುಕಂಬದ ಮೇಲೆ ಕಟ್ಟಿ, ಮರ ನೆರಳಿಗಿರಲಿ. ಗುಂಡಿ 2 ಅಡಿ, ಹಾರೆಯಲ್ಲೇ ತೋಡಿಸಿ. ಜೆಸಿಬಿ ಬಂದರೆ ಬೇರೂ ಹರಿಯುತ್ತೆ, ಮಣ್ಣೂ ಗಟ್ಟಿಯಾಗಿ ಬೇರಿಗೆ ಗಾಳಿಯಾಡಲ್ಲ. ಹೆಬ್ಬೆರಳಿಗಿಂತ ದಪ್ಪ ಬೇರು ಸಿಕ್ಕರೆ ಕಡಿಯಬೇಡಿ, ಗುಂಡಿ ಸರಿಸಿ. ಕಲ್ಲು ಭಾರ ತಡೆಯುತ್ತೆ, ಪಕ್ಕದ ನೂಕು ತಡೆಯಲ್ಲ. ಕಂಬದಿಂದ ಕಂಬಕ್ಕೆ ಕಬ್ಬಿಣದ ಪೈಪನ್ನು ಅಡ್ಡಡ್ಡ ಓರೆಯಾಗಿ ಬಿಗಿಸಿ. ಗಾಳಿಗೆ ಕಾಂಡ ತೂಗುತ್ತೆ, ಕಂಬ ತೂಗಲ್ಲ, ಆದ್ದರಿಂದ ಕಾಂಡದ ಸುತ್ತ 6 ಇಂಚು ಬಿಡಿ, ಎಲ್ಲೂ ಮರಕ್ಕೆ ಸೇರಿಸಬೇಡಿ.

ಶ್ರೀರಂಗಪಟ್ಟಣ: ಎಂಜಿನಿಯರ್ ಸಾರ್ ಹೇಳೋದು ಸರಿ, ಟೊಳ್ಳು ಮರಕ್ಕೆ ಕಲ್ಲುಕಂಬವೇ ಮೇಲು. ಬೋಲ್ಟು ಹಾಕೋದಾದ್ರೆ ಜನವರಿ-ಫೆಬ್ರವರಿ ಒಣಗಾಲದಲ್ಲಿ ಕೊರೀರಿ. ಕಟಕಟೆ 3 ಅಡಿ ಎತ್ತರ, ಪಟ್ಟಿಗಳ ನಡುವೆ 4 ಇಂಚಿಗಿಂತ ಕಮ್ಮಿ ಸಂದು, ಮಗುವಿನ ತಲೆ ತೂರಬಾರ್ದು. ಪ್ರತಿ ವರ್ಷ ಯುಗಾದಿ ಹೊತ್ತಿಗೆ ನಟ್ಟು ಬಿಗಿ ಮಾಡಿ, ಒಣಕೊಂಬೆ ಇಳಿಸ್ಬಿಡಿ. ಹತ್ತೋಕೆ ಮುಂಚೆ ಹೆಜ್ಜೇನು ಕಟ್ಟಿದೆಯಾ ಅಂತ ಕತ್ತೆತ್ತಿ ನೋಡೋದು ಮರೀಬೇಡಿ.