ಬೀಗಲ್ ಯೂನೋ ನೆನಪಿದ್ಯಾ? ಈ ತಳಿಗೆ ಅವನಿಂದ ನಿಜವಾಗ್ಲೂ ಏನು ಸಿಕ್ತು?

ಉದ್ದಕಿವಿ_ಅಮ್ಮ:
ಎಲ್ಲರಿಗೂ ನಮಸ್ಕಾರ, ನಮ್ಮನೇಲಿ ಈಗಾಗ್ಲೇ ಒಬ್ಬ ಬೀಗಲ್ ಇದಾನೆ, ಅವನ ಜೊತೆಗೆ ಇನ್ನೊಂದು ಮರಿ ತರೋಣ ಅಂತ ಹುಡುಕ್ತಾ ಇದೀವಿ. ಒಬ್ರು ಬ್ರೀಡರ್ "ಇದು ಯೂನೋ ಲೈನ್ ಮೇಡಂ, ಚಾಂಪಿಯನ್ ರಕ್ತ" ಅಂದ್ರು, ರೇಟೂ ಹಾಗೇ ಇತ್ತು. ಮನೆಗೆ ಬಂದು, ಯೂನೋ ಗೆದ್ದ ಆ 2008ರ ವೆಸ್ಟ್‌ಮಿನ್‌ಸ್ಟರ್ ಶೋ (ಅಮೆರಿಕದ ದೊಡ್ಡ ನಾಯಿ ಪ್ರದರ್ಶನ) ವಿಡಿಯೋ ಮತ್ತೆ ನೋಡ್ದೆ. ರಿಂಗ್ ಮಧ್ಯೆ ನಿಂತು ಕತ್ತು ಮೇಲೆತ್ತಿ "ಅರೂಊಊ" ಅಂತ ಕೂಗ್ತಾನಲ್ಲ, ನಮ್ಮವನು ಸೋಫಾ ಮೇಲಿಂದ ಎದ್ದು ಉತ್ತರ ಕೊಟ್ಟ! ಅಷ್ಟು ಇಷ್ಟ ಆಗಿದ್ದ ನಾಯಿ ಅವನು. ಹೋಗಿ ಇಷ್ಟು ವರ್ಷ ಆಯ್ತು, ಅವನ ಲೈನ್ ಅನ್ನೋದಕ್ಕೆ ಈಗ ಏನಾದ್ರೂ ಅರ್ಥ ಇದ್ಯಾ? ತಿಳಿದೋರು ಹೇಳಿ.

ಜರ್ಸಿ_ಕನ್ನಡಿಗ:
ನಾನು ಇಲ್ಲಿ ಟೀವಿಲಿ ಲೈವ್ ನೋಡಿದ್ದೆ ಮೇಡಂ, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ತುಂಬ ಜನ ಎದ್ದು ನಿಂತು ಕಿರುಚ್ತಾ ಇದ್ರು. ಫೈನಲ್‌ನಲ್ಲಿ ಅವನ ಜೊತೆ ಪೂಡಲ್, ಸೀಲಿಹ್ಯಾಮ್ ಟೆರಿಯರ್, ಅಕಿಟಾ ಎಲ್ಲ ಇತ್ತು, ಗಂಟೆಗಟ್ಲೆ ಬಾಚಿ ಟ್ರಿಮ್ ಮಾಡಿ ತರೋ ನಾಯಿಗಳು, ಅವುಗಳ ಮಧ್ಯೆ ಪಕ್ಕದ್ಮನೆ ನಾಯಿ ಥರ ಇವನು. ನೂರು ವರ್ಷಕ್ಕೂ ಹಳೇ ಶೋ ಅದು, ಅಲ್ಲಿವರೆಗೆ ಒಂದೇ ಒಂದು ಬೀಗಲ್‌ಗೂ ಬೆಸ್ಟ್ ಇನ್ ಶೋ, ಅಂದ್ರೆ ಇಡೀ ಶೋನ ಮೊದಲ ಬಹುಮಾನ, ಸಿಕ್ಕಿರಲಿಲ್ಲ. ಆಮೇಲೆ ವೈಟ್ ಹೌಸ್‌ಗೆ ಹೋದ, ಥೆರಪಿ ಡಾಗ್ ಆಗಿ ಕಾಯಿಲೆ ಮಕ್ಕಳ ಹತ್ರಾನೂ ಹೋಗ್ತಿದ್ದ. ಟೆಕ್ಸಸ್‌ನ ಒಂದು ರಾಂಚ್‌ನಲ್ಲಿ ಆರಾಮಾಗಿದ್ದು 2018ರಲ್ಲಿ, 13ನೇ ವಯಸ್ಸಲ್ಲಿ ಕ್ಯಾನ್ಸರ್‌ನಿಂದ ಹೋದ. ನನ್ನ ಕೇಳಿದ್ರೆ ಅವನು ಬಿಟ್ಟು ಹೋಗಿದ್ದು ಆ ಕೂಗು. ಶೋ ನಾಯಿ ಅಂದ್ರೆ ಬೊಂಬೆ ಹಾಗೆ ನಿಲ್ಲಬೇಕು ಅಂದ್ಕೊಂಡಿದ್ವಿ, ಬೇಟೆನಾಯಿ ಬೇಟೆನಾಯಿ ಹಾಗೇ ಇದ್ದು ಗೆಲ್ಲಬಹುದು ಅಂತ ತೋರಿಸ್ದ.

ಮೂಗುದಾರ:
ರಕ್ತದ ವಿಷ್ಯ ನಾನು ಹೇಳ್ತೀನಿ. ಯೂನೋ ಹುಟ್ಟಿದ್ದು 2005ರಲ್ಲಿ, ಈಗ ಮಾರೋ ಮರಿಗೆ ಅವನು ಐದು ತಲೆಮಾರು ಹಿಂದಿನೋನು ಅಂತ್ಲೇ ಇಟ್ಕೊಳ್ಳಿ, ಸರಾಸರಿ ಮೂವತ್ತೆರಡರಲ್ಲಿ ಒಂದು ಪಾಲು ಅಷ್ಟೇ ಬಂದಿರುತ್ತೆ, ಮಿಕ್ಕ ಮೂವತ್ತೊಂದು ಪಾಲು ಯಾರದ್ದು ಅಂತ ಯಾರೂ ಕೇಳಲ್ಲ. ಇನ್ನೊಂದು ನೋಡಿ, 2015ರಲ್ಲಿ ಅದೇ ವೆಸ್ಟ್‌ಮಿನ್‌ಸ್ಟರ್ ಗೆದ್ದ ಎರಡನೇ ಬೀಗಲ್ ಮಿಸ್ ಪಿ, ಅವಳು ಯೂನೋ ಮೊಮ್ಮಗಳಲ್ಲ, ಅವನ ಒಡಹುಟ್ಟಿದವರ ಮೊಮ್ಮಗಳು. ಅಂದ್ರೆ ಚೆನ್ನಾಗಿದ್ದಿದ್ದು ಇಡೀ ಕುಟುಂಬ, ಒಂದು ಗಂಡು ನಾಯಿ ಮಾತ್ರ ಅಲ್ಲ. ಗೆದ್ದ ಗಂಡಿನ ಹಿಂದೇನೇ ಎಲ್ಲರೂ ಬಿದ್ರೆ ತಳಿಗೆ ಕಷ್ಟ, ಅವನಲ್ಲಿ ಅಡಗಿರೋ ದೋಷಾನೂ ಎಲ್ಲಾ ಕಡೆ ಹರಡುತ್ತೆ, ಇದು ಯೂನೋ ಬಗ್ಗೆ ಹೇಳ್ತಿರೋದಲ್ಲ, ಯಾವ ಚಾಂಪಿಯನ್‌ಗಾದ್ರೂ ಇದೇ ಮಾತು.

ಬೀಗಲ್‌ಗಳಲ್ಲಿ ಮುಸ್ಲಾಡಿನ್ ಲ್ಯೂಕೆ ಸಿಂಡ್ರೋಮ್ ಅಂತ ಒಂದು ಆನುವಂಶಿಕ ಕಾಯಿಲೆ ಇದೆ, ಎಂಎಲ್‌ಎಸ್ ಅಂತಾರೆ. ಚರ್ಮ ಬಿಗಿ, ಕಣ್ಣು ಓರೆ, ಬೆರಳ ತುದಿ ಮೇಲೆ ನಡೆಯುತ್ತೆ ಮರಿ. ಕ್ಯಾರಿಯರ್ ನಾಯಿ (ದೋಷ ಒಳಗೇ ಅಡಗಿರೋದು) ನೋಡೋಕೆ ಪೂರ್ತಿ ಚೆನ್ನಾಗಿರುತ್ತೆ, ಇಂಥ ಎರಡು ಸೇರಿದ್ರೆ ಪ್ರತಿ ಮರಿಗೂ ಕಾಯಿಲೆ ಬರೋಕೆ ನಾಲ್ಕರಲ್ಲಿ ಒಂದು ಚಾನ್ಸ್. ಡಿಎನ್‌ಎ ಟೆಸ್ಟ್ ಇದೆ, ಅಪ್ಪ ಅಮ್ಮ ಇಬ್ಬರ ರಿಪೋರ್ಟೂ ಕೇಳಿ.

ಗೋಪಾಲಣ್ಣ:
ಪೇಪರ್ ಜೊತೆ ತಾಯಿನೂ ನೋಡಮ್ಮ. ಹೊಸಬರು ಬಂದಾಗ ಬಾಲ ನೆಟ್ಟಗೆ ಮಾಡ್ಕೊಂಡು ಮೂಸೋಕೆ ಬರುತ್ತಾ, ಇಲ್ಲ ಮೂಲೆ ಸೇರುತ್ತಾ? ಯೂನೋನ ಜನ ಇಷ್ಟಪಟ್ಟಿದ್ದು ಯಾರ ಹತ್ರ ಬಿಟ್ರೂ ಖುಷಿಯಾಗಿರ್ತಿದ್ದ ಅಂತ. ಆ ಗುಣಕ್ಕೆ ಇನ್ನೂ ಲ್ಯಾಬ್ ಟೆಸ್ಟ್ ಬಂದಿಲ್ಲ, ಹೋಗಿ ಕೂತು ನೋಡ್ಬೇಕು, ಒಂದರ್ಧ ಗಂಟೆ ಆದ್ರೂ.

ಉದ್ದಕಿವಿ_ಅಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಒಡಹುಟ್ಟಿದವರ ಮೊಮ್ಮಗಳು ಅನ್ನೋದು ಗೊತ್ತೇ ಇರ್ಲಿಲ್ಲ. ಭಾನುವಾರ ಹೋಗಿ ತಾಯಿನ ನೋಡ್ತೀವಿ ಗೋಪಾಲಣ್ಣ, ಎಂಎಲ್‌ಎಸ್ ರಿಪೋರ್ಟ್ ಕೊಡಿ ಅಂತ ಈಗ್ಲೇ ಮೆಸೇಜ್ ಹಾಕಿದೀನಿ. ಕೊಡಲ್ಲ ಅಂದ್ರೆ ಬೇರೆ ಕಡೆ ಹುಡುಕ್ತೀವಿ, ಯಾರಿಗಾದ್ರೂ ಟೆಸ್ಟ್ ಮಾಡಿಸೋ ಬ್ರೀಡರ್ ಗೊತ್ತಿದ್ರೆ ದಯವಿಟ್ಟು ಹೇಳಿ.